ಬೆಂಗಳೂರು ಪೇಟೆಯಲ್ಲಿ ಒಂದೇ ಸಾಮಾನು ಮಾರುವ ಅಂಗಡಿಗಳು: ನಿಮಗೆ ಗೊತ್ತಿರೋದನ್ನ ಇಲ್ಲಿ ಹಾಕಿ

ಪೇಟೆಸುತ್ತಾಟ:

ಎಲ್ಲರಿಗೂ ನಮಸ್ಕಾರ. ಚಿಕ್ಕಪೇಟೆಗೆ ಹೋಗಿದ್ವಿ ಅಂತ ಯಾರಾದರೂ ಹೇಳಿದರೆ ಸೀರೆ ತಂದರು ಅಂತಲೇ ಲೆಕ್ಕ. ಸೀರೆ ಅಂಗಡಿಗಳ ಬಗ್ಗೆ ವಿಡಿಯೋಗಳಿಗೂ ಬರವಿಲ್ಲ. ನಾನು ಕೇಳ್ತಿರೋದು ಬೇರೆ ಅಂಗಡಿಗಳ ಬಗ್ಗೆ. ಪೇಟೆಯ ಒಳ ಓಣಿಗಳಲ್ಲಿ ಒಂದೇ ಬಗೆಯ ಸಾಮಾನು ಇಟ್ಟುಕೊಂಡು ಕೂತಿರುವ ಸಣ್ಣ ಅಂಗಡಿಗಳಿವೆಯಲ್ಲ, ಅವು. ಬರೀ ಗುಂಡಿ, ಬರೀ ಗೆಜ್ಜೆ, ಬರೀ ಹಗ್ಗ, ಬರೀ ಖಾತೆ ಪುಸ್ತಕ, ಬರೀ ಬೀಗ. ಆರಡಿ ಅಗಲ, ಹತ್ತಡಿ ಉದ್ದ, ನೆಲದಿಂದ ಸೂರಿನವರೆಗೆ ಅದೇ ಸಾಮಾನು.

ಈ ಅಂಗಡಿಗಳ ಮೇಲೆ ನನಗೆ ಬಹಳ ಪ್ರೀತಿ. ಕಾರಣ, ಅಲ್ಲಿ ಕೂತಿರೋರಿಗೆ ತಾವು ಮಾರುವುದು ಪೂರ್ತಿ ಗೊತ್ತಿರುತ್ತೆ. ಹೋದ ತಿಂಗಳು ನಮ್ಮ ತಂದೆಯ ಹಳೇ ಕೋಟಿನ ಒಂದು ಗುಂಡಿ ಹುಡುಕಿಕೊಂಡು ನಗರ್ತಪೇಟೆ ಕಡೆ ಹೋಗಿದ್ದೆ. ಅಂಗಡಿಯವರು ನಾನು ತೋರಿಸಿದ ಗುಂಡಿಯನ್ನು ಬೆರಳ ತುದಿಯಲ್ಲಿ ಒಂದು ಸುತ್ತು ತಿರುಗಿಸಿದರು. "ಇದು 32 ಲೈನ್, ಮುಂದಿನದು. ತೋಳಿನದು 24 ಬರುತ್ತೆ, ಅದು ಸರಿ ಇದೆಯಾ?" ಅಂದರು. ಗುಂಡಿಯ ಅಳತೆಗೆ ಲೈನ್ ಅಂತಾರೆ, 40 ಲೈನ್ ಸೇರಿದರೆ ಒಂದು ಇಂಚು. ನಾವು ಹಾಕುವ ಶರ್ಟಿಗೆ ಸಾಮಾನ್ಯವಾಗಿ 18. ಆಮೇಲೆ ಗೋಡೆ ತುಂಬ ಇದ್ದ ರಟ್ಟಿನ ಡಬ್ಬಿಗಳನ್ನು ನೋಡಿದರು. ಪ್ರತಿ ಡಬ್ಬಿಯ ಮುಖಕ್ಕೆ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದಿತ್ತು. ಮೇಲಿನ ಸಾಲಿನಿಂದ ಒಂದನ್ನು ಕೋಲಿನಿಂದ ಎಳೆದು ಕೆಳಗಿಳಿಸಿದರು. ಬಣ್ಣ, ದಪ್ಪ, ನಾಲ್ಕು ತೂತಿನ ಅಂತರ ಎಲ್ಲ ಕೂಡಿತು. ಒಂದೇ ಗುಂಡಿ ಕೊಟ್ಟರು, ಡಜನ್ ತಗೋ ಅಂತ ಹೇಳಲಿಲ್ಲ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಎರಡು ಬೀದಿ ಕೂಡುವ ಕಡೆಯಿಂದ ನಾಲ್ಕು ದಿಕ್ಕಿಗೆ ಊರು ಹರಡಿತು ಅಂತ ಓದಿರ್ತೀರಿ. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಒಂದು ಕಸುಬಿಗೆ ಒಂದು ಬೀದಿ ಅನ್ನುವ ಏರ್ಪಾಟು ಮಾಸಿದ್ದರೂ ಪೂರ್ತಿ ಹೋಗಿಲ್ಲ. ಒಬ್ಬರ ಹತ್ತಿರ ಇಲ್ಲದಿದ್ದರೆ ಅವರೇ ಎದುರಿನ ಅಂಗಡಿ ತೋರಿಸ್ತಾರೆ.

ನಿಮಗೆ ಗೊತ್ತಿರುವ ಇಂಥ ಅಂಗಡಿ ಯಾವ ಬೀದಿ, ಏನು ಸಿಗುತ್ತೆ, ಬಿಡಿಯಾಗಿ ಕೊಡ್ತಾರಾ, ಇಷ್ಟು ಬರೆಯಿರಿ. ಅಂಗಡಿಯವರ ಹೆಸರು, ಫೋನ್ ನಂಬರ್ ದಯವಿಟ್ಟು ಬೇಡ. ಬೀದಿ ಗೊತ್ತಾದರೆ ಸಾಕು, ಹೋದವರು ಕೇಳಿಕೊಂಡು ಹೋಗ್ತಾರೆ.

ಬಳೇಪೇಟೆ_ಮಗಳು:

ಈ ವಿಷಯ ನೋಡಿ ತುಂಬಾ ಸಂತೋಷ ಆಯ್ತು. ನಾನು ಬೆಳೆದದ್ದೇ ಅಲ್ಲಿ. ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ.

ಮೊದಲು ಒಂದು ಮಾತು, ಹೊಸಬರು ಬೀದಿಯ ಹೆಸರು ನಂಬಿಕೊಂಡು ಹೋಗಬೇಡಿ. ಕುಂಬಾರಪೇಟೆಯಲ್ಲಿ ಮಡಕೆ ಹುಡುಕಿದರೆ ಸಿಗಲ್ಲ, ಮಡಕೆ ಬೇಕಾದರೆ ದಂಡಿನ (ಕಂಟೋನ್ಮೆಂಟ್) ಕಡೆ ಪಾಟರಿ ಟೌನ್‌ಗೆ ಹೋಗಬೇಕು. ಅರಳೆಪೇಟೆಯಲ್ಲಿ ಅರಳೆಗಿಂತ ಬೇರೆ ವ್ಯಾಪಾರವೇ ಜಾಸ್ತಿ. ಬಳೇಪೇಟೆಯಲ್ಲಿ ಮಾತ್ರ ಬಳೆ ಇನ್ನೂ ಇದೆ.

ಗಾಜಿನ ಬಳೆಗೆ ಹೋಗುವವರು ನಿಮ್ಮ ಅಳತೆ ತಿಳಿದುಕೊಂಡು ಹೋಗಿ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಕೇಳ್ತಾರೆ. ಎರಡು-ನಾಲ್ಕು ಅಂದರೆ ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಒಳಗಿನ ಅಗಲ ಅದು. ಗೊತ್ತಿಲ್ಲದಿದ್ದರೆ ನಿಮಗೆ ಸರಿಯಾಗಿ ಕೂರುವ ಒಂದು ಹಳೇ ಬಳೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಮದುವೆ, ಸೀಮಂತಕ್ಕೆ ಡಜನ್‌ಗಟ್ಟಲೆ ತಗೊಳ್ಳೋರಿಗೆ ಅಳತೆ ಬೆರೆಸಿ ಕಟ್ಟಿಕೊಡ್ತಾರೆ. ಒಂದು ಡಜನ್ ಕೇಳಿದರೂ ಕೊಡ್ತಾರೆ, ಆದರೆ ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ, ರಶ್ ಶುರುವಾಗುವ ಮೊದಲು ಹೋಗಿ.

ಇನ್ನು ವಾದ್ಯದ ಅಂಗಡಿಗಳು. ವೀಣೆ, ತಂಬೂರಿ, ಹಾರ್ಮೋನಿಯಂ, ತಬಲ, ಮೃದಂಗ. ಬಳೇಪೇಟೆಗೆ ಬಂದು ಬರೀ ಬಳೆ ನೋಡಿ ಹೋಗುವವರನ್ನ ಕಂಡರೆ ನನಗೆ ಬೇಜಾರು. ಭಾನುವಾರ ಪೇಟೆಯ ಹೆಚ್ಚಿನ ಅಂಗಡಿ ಬಂದ್, ಅದು ನೆನಪಿರಲಿ.

ಲಯದಹಾದಿ:

ವಾದ್ಯದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಮೃದಂಗ ಕಲಿಯುವ ಮಕ್ಕಳಿದ್ದರೆ ಒಮ್ಮೆಯಾದರೂ ರಿಪೇರಿ ಕೆಲಸ ನಡೆಯುವ ಕಡೆ ಕರೆದುಕೊಂಡು ಹೋಗಿ ಕೂರಿಸಿ. ಬಲಗಡೆ ಮುಖದ ನಡುವೆ ಕಪ್ಪು ಕರಣೆ ಇರುತ್ತಲ್ಲ, ಅದನ್ನು ಹಾಕೋದು ನೋಡಬೇಕು.

ಬೇಯಿಸಿದ ಅನ್ನವನ್ನು ಮೆದುವಾಗಿ ನಾದಿ, ಕಪ್ಪು ಕಲ್ಲಿನ ಪುಡಿ ಬೆರೆಸಿ ಕಣಕ ಮಾಡಿಕೊಳ್ತಾರೆ. ಚರ್ಮದ ಮೇಲೆ ಒಂದು ಚಿಟಿಕೆಯಷ್ಟೇ ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಉಜ್ಜಿ ಉಜ್ಜಿ ಅದು ಒಣಗಿ ಮೇಲೆ ಕೂದಲೆಳೆಯಷ್ಟು ಬಿರುಕು ಬಂದ ಮೇಲೆ ಮತ್ತೊಂದು ಪದರ. ಆ ಬಿರುಕು ಇರಲೇಬೇಕು. ಇಡೀ ಕರಣೆ ಒಂದೇ ಗಟ್ಟಿ ಬಿಲ್ಲೆಯಾದರೆ ಚರ್ಮದ ಜೊತೆ ಅಲುಗಲ್ಲ, ನಾದ ಸತ್ತುಹೋಗುತ್ತೆ. ಪ್ರತಿ ಪದರಕ್ಕೂ ಬೆರಳಲ್ಲಿ ತಟ್ಟಿ ಕೇಳ್ತಾರೆ. ಸುತ್ತ ಆಟೋ ಹಾರ್ನ್, ತಳ್ಳುಗಾಡಿಯವರ ಕೂಗು, ಆ ಗದ್ದಲದ ನಡುವೆ ಅವರ ಕಿವಿಗೆ ಶ್ರುತಿ ಸಿಗುತ್ತೆ. ನಾನು ಇಷ್ಟು ವರ್ಷ ನುಡಿಸಿದರೂ ನನಗೆ ಆ ಕಿವಿ ಬಂದಿಲ್ಲ, ಅದು ಅವರ ವಿದ್ಯೆ.

ಹಬ್ಬ, ರಾಮನವಮಿ ಸಂಗೀತೋತ್ಸವದ ಹೊತ್ತಿಗೆ ಹೋದರೆ ಅವರಿಗೆ ಪುರುಸೊತ್ತು ಇರಲ್ಲ. ಮಳೆಗಾಲದಲ್ಲಿ ಚರ್ಮ ಒಣಗೋದು ನಿಧಾನ. ಬೇಸಿಗೆಗೆ ಮುಂಚೆ, ಜನವರಿ-ಫೆಬ್ರವರಿಯಲ್ಲಿ ಕೊಟ್ಟರೆ ಒಳ್ಳೇದು.

ವಿಜಯನಗರದವ:

ಕಾರು ಎಲ್ಲಿ ನಿಲ್ಲಿಸೋದು?

ಬಳೇಪೇಟೆ_ಮಗಳು:

@ವಿಜಯನಗರದವ ಕಾರು ತರಲೇಬೇಡಿ. ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನಿಲ್ದಾಣವೇ ಇದೆ, 2017ರಿಂದ. ನಿಮಗೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ, ಅದರ ಮುಂದಿನದು ಕೆ.ಆರ್. ಮಾರ್ಕೆಟ್. ಒಂದು ಕಡೆ ಇಳಿದು ಸುತ್ತಿಕೊಂಡು ಇನ್ನೊಂದು ಕಡೆ ಹತ್ತಿ.

ಅವೆನ್ಯೂ_ಓದುಗ:

ಅವೆನ್ಯೂ ರಸ್ತೆ ಅಂದರೆ ಎಲ್ಲರಿಗೂ ಹಳೇ ಪುಸ್ತಕ. ಪಿಯುಸಿ ಗೈಡು, ಎಂಜಿನಿಯರಿಂಗ್, ಕಾನೂನು, ಸ್ಪರ್ಧಾ ಪರೀಕ್ಷೆ ಪುಸ್ತಕಗಳು ಇನ್ನೂ ರಾಶಿ ಇವೆ. ಕೊಂಡ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲೆ ವಾಪಸ್ ತಗೊಳ್ಳುವ ರೂಢಿಯೂ ಇದೆ. ಎಷ್ಟು ಕೊಡ್ತಾರೆ ಅಂತ ಕೊಳ್ಳುವಾಗಲೇ ಮಾತಾಡಿಕೊಳ್ಳಿ. ಆದರೆ ಕಥೆ-ಕಾದಂಬರಿ ಮೊದಲಿನಷ್ಟು ಇಲ್ಲ. ಕನ್ನಡ ಸಾಹಿತ್ಯದ ಹಳೇ ಪುಸ್ತಕಕ್ಕೆ ಅಂತಲೇ ಹೋಗುವವರು ಒಂದು ಅಂಗಡಿಯಲ್ಲಿ ಕೇಳಿ ಬಿಡಬೇಡಿ. ಹಿಂದಿನ ಗೋಡೌನಿನಲ್ಲಿ ಇರುತ್ತೆ. ಲೇಖಕರ ಹೆಸರು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ, ಮುಂದಿನ ಸಲಕ್ಕೆ ತೆಗೆದಿಟ್ಟಿರ್ತಾರೆ.

ಒಂದೇ ಸಾಮಾನಿನ ಅಂಗಡಿ ಅಂದಿರಿ, ನನ್ನ ಪಾಲಿಗೆ ಅದು ಖಾತೆ ಪುಸ್ತಕದ ಅಂಗಡಿ. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕಗಳು, ಮಡಚಿ ದಾರ ಕಟ್ಟುವಂಥವು. ದೀಪಾವಳಿ ಹತ್ತಿರ ಬಂದಾಗ ಗುಜರಾತಿ, ಮಾರ್ವಾಡಿ ವರ್ತಕರು ಲಕ್ಷ್ಮೀಪೂಜೆಗೆ ಹೊಸ ಪುಸ್ತಕ ಒಯ್ಯುತ್ತಾರೆ, ಲೆಕ್ಕ ಕಂಪ್ಯೂಟರಿನಲ್ಲಿದ್ದರೂ ಪೂಜೆಗೆ ಪುಸ್ತಕ ಬೇಕು. ನಾನು ಅದರಲ್ಲಿ ಮನೆಯ ಲೆಕ್ಕ ಬರೆಯುತ್ತೇನೆ. ಕಾಗದ ದಪ್ಪ, ಇಂಕು ಹಿಂದಕ್ಕೆ ಇಳಿಯೋಲ್ಲ.

ಅಂದಹಾಗೆ ಅದೇ ರಸ್ತೆಯಲ್ಲಿರುವ ರೈಸ್ ಮೆಮೋರಿಯಲ್ ಚರ್ಚ್ ಎಷ್ಟು ಜನಕ್ಕೆ ಕಾಣಿಸಿದೆ? ಅಂಗಡಿ ಬೋರ್ಡುಗಳ ನಡುವೆ ಕಂಬಗಳು. ಒಂದು ನಿಮಿಷ ನಿಂತು ನೋಡಿ.

ನಿಜ_ಹೇಳೋಣ:

ಎಲ್ಲರೂ ಹೊಗಳುತ್ತಿದ್ದೀರಿ, ಸರಿ. ಆದರೆ ಇನ್ನೊಂದು ಮುಖವನ್ನೂ ಬರೆಯಬೇಕು. ನಾನು ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ತಂಗಿಯ ಮದುವೆಗೆ "ಪ್ಯೂರ್ ಜರಿ" ಅಂತ ಕೊಂಡ ಸೀರೆಯ ಅಂಚು ಒಂದೇ ವರ್ಷಕ್ಕೆ ಕಪ್ಪಾಯಿತು. ವಾಪಸ್ ಹೋದರೆ ಬಿಲ್ ಇದೆಯಾ ಅಂದರು. ಕೊಟ್ಟಿದ್ದು ಬಿಳೀ ಚೀಟಿ. ಎರಡು ಪೀಸ್ ಕೇಳಿದರೆ "ಹೋಲ್‌ಸೇಲ್ ಮಾತ್ರ" ಅಂತ ಮುಖ ತಿರುಗಿಸುವ ಅಂಗಡಿಗಳೂ ಇವೆ. ಇಡೀ ಪೇಟೆ ಸುತ್ತಿದರೂ ಹೆಂಗಸರಿಗೆ ಒಂದು ಶೌಚಾಲಯ ಇಲ್ಲ. ನಮ್ಮಮ್ಮನಿಗೆ ಮಂಡಿ ನೋವು, ಅಂಗಡಿಗಳ ಮೆಟ್ಟಿಲು ಅಷ್ಟೆತ್ತರ. ಆನ್‌ಲೈನ್‌ನಲ್ಲಿ ಇಷ್ಟವಾಗದಿದ್ದರೆ ವಾಪಸ್ ಕಳಿಸಬಹುದು. ಪ್ರೀತಿ ಬೇರೆ, ಅನುಕೂಲ ಬೇರೆ.

ಪೇಟೆಸುತ್ತಾಟ:

@ನಿಜ_ಹೇಳೋಣ ನೀವು ಬರೆದ ಒಂದೊಂದು ಮಾತೂ ಸರಿ. ಶೌಚಾಲಯದ ವಿಷಯವಂತೂ ಪೇಟೆಯ ವರ್ತಕರ ಸಂಘಗಳು, ಪಾಲಿಕೆ ಕೂತು ಮೊದಲು ಮಾಡಬೇಕಾದ ಕೆಲಸ. ದಿನಕ್ಕೆ ಅಷ್ಟು ಸಾವಿರ ಹೆಂಗಸರು ಬರುವ ಜಾಗ ಅದು, ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಗತಿ ಏನು? ಸದ್ಯಕ್ಕೆ ಮೆಟ್ರೋ ನಿಲ್ದಾಣದೊಳಗಿನದೇ ಗತಿ.

ಆದರೆ ಆನ್‌ಲೈನ್ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹೊಸ ಶರ್ಟ್ ಆನ್‌ಲೈನ್‌ನಲ್ಲಿ ಸಿಗುತ್ತೆ. 32 ಲೈನಿನ, ಇದೇ ಕಂದು ಬಣ್ಣದ, ಒಂದೇ ಒಂದು ಗುಂಡಿ ಸಿಗೋಲ್ಲ. ಹಾಳಾದದ್ದನ್ನು ಸರಿಮಾಡಿಕೊಂಡು ಬಳಸಬೇಕು ಅನ್ನುವವರಿಗೆ ಪೇಟೆ ಬೇಕೇ ಬೇಕು. ಎಸ್.ಪಿ. ರಸ್ತೆಗೆ ಹೋಗಿ ನೋಡಿ. ಕೆಟ್ಟ ಮಿಕ್ಸಿಯ ಒಂದು ಕೆಪಾಸಿಟರ್, ರಿಮೋಟಿನ ಒಂದು ರಬ್ಬರ್ ಗುಂಡಿಪಟ್ಟಿ, ಮಕ್ಕಳ ಕಾಲೇಜು ಪ್ರಾಜೆಕ್ಟಿಗೆ ನಾಲ್ಕು ರೆಸಿಸ್ಟರ್, ಎಲ್ಲ ಬಿಡಿಯಾಗಿ. ಎಲೆಕ್ಟ್ರಾನಿಕ್ಸ್ ಕಲಿಯುವ ಎಷ್ಟೋ ಹುಡುಗರಿಗೆ ಆ ರಸ್ತೆಯ ಕೌಂಟರ್ ಎರಡನೇ ಲ್ಯಾಬ್. ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗಗಳೂ ಹಾಗೇ.

ಮಗ್ಗದಮನೆ:

ಜರಿ ವಿಷಯಕ್ಕೆ ನಾನು ಹೇಳ್ತೀನಿ, ನಮ್ಮದು ನೇಯ್ಗೆ ಮನೆತನ, ಈಗ ನೇಯ್ಗೆ ಇಲ್ಲ.

ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ಲೇಪ. ಅದಕ್ಕಿಂತ ಕೆಳಗಿನದರಲ್ಲಿ ತಾಮ್ರದ ತಂತಿ ಇರುತ್ತೆ, ಅದೇ ಬೇಗ ಕಪ್ಪಾಗೋದು. ಅದಕ್ಕೂ ಕೆಳಗೆ ಪ್ಲಾಸ್ಟಿಕ್ ಹಾಳೆಯ ಜರಿ, ಅದು ಕಪ್ಪಾಗಲ್ಲ, ಹೊಳೀತಾನೇ ಇರುತ್ತೆ, ಆದರೆ ಬೆಲೆ ಇಲ್ಲ. ಅಂಚಿನ ಹಿಂದೆ ಒಂದು ಎಳೆ ಸಡಿಲ ಸಿಕ್ಕರೆ ಉಗುರಿನಿಂದ ಕೆರೆದು ನೋಡಿ. ಅಸಲಿಯಾದರೆ ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ ಎಳೆ ಕಾಣುತ್ತೆ. ರೇಷ್ಮೆಗೆ ಸುಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಪುಡಿಯಾಗಬೇಕು, ಮಣಿ ಕಟ್ಟಿದರೆ ಪಾಲಿಯೆಸ್ಟರ್. ಇವೆಲ್ಲ ಕಷ್ಟ ಅನ್ನಿಸಿದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ, ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ್ದು, 2004ರಿಂದ ಇದೆ. ಅದು ರೇಷ್ಮೆಗೆ ಮಾತ್ರ ಖಾತ್ರಿ, ಜರಿಗಲ್ಲ. ಈ ವ್ಯತ್ಯಾಸ ಹೇಳದೇ ಮಾರುವವರಿದ್ದಾರೆ. ಜರಿ ಯಾವುದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯೋಕೆ ಹಿಂಜರಿದರೆ ಮುಂದಿನ ಅಂಗಡಿ.

ಗಾದಿಯ ಮೇಲೆ ಕೂರಿಸಿ ಸೀರೆ ತೋರಿಸುವ ಹಳೇ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಲ್ಲ. ಎದ್ದು ಒಳಗಿಂದ ಬೇರೆ ಗಂಟು ತರ್ತಾರೆ. ಕೇಳುವ ಗಿರಾಕಿ ಬಂದ ಅಂತ ಅವರಿಗೂ ಹುರುಪು ಬರುತ್ತೆ.

ಮತ್ತೊಂದು, ಅಜ್ಜಿಯರ ಕಾಲದ ಹರಿದ ಜರಿ ಸೀರೆ ಇದ್ದರೆ ಪಾತ್ರೆಯವನಿಗೆ ಹಾಕಬೇಡಿ. ಹಳೇ ಜರಿ ಕೊಳ್ಳುವವರು ಪೇಟೆಯಲ್ಲಿದ್ದಾರೆ, ಬೆಳ್ಳಿಯ ಲೆಕ್ಕಕ್ಕೆ ದುಡ್ಡು ಕೊಡ್ತಾರೆ. ಮೂರು ಕಡೆ ಕೇಳಿ ಕೊಡಿ.

ದುರ್ಗದಬೈಲ:

ನಾವು ಹುಬ್ಬಳ್ಳಿ ಮಂದಿ, ಬೆಂಗಳೂರಿಗೆ ಬಂದು ಭಾಳ ವರ್ಷ ಆತು. ನಮ್ಮಲ್ಲೆ ಜವಳಿ ಸಾಲ, ದಾಜಿಬಾನ ಪೇಟಿ ಅದಾವ, ಇಳಕಲ್ ಸೀರಿ ತಗೊಳ್ಳೋರು ಅಲ್ಲಿಗೇ ಹೋಗೂದು. ಇಲ್ಲೆ ಚಿಕ್ಕಪ್ಯಾಟಿಗೆ ಹೋದ್ರ ನನಗ ಊರಿಗೆ ಹೋದಂಗ ಆಗ್ತದ. ಅಂಗಡ್ಯಾಂವ "ಬರ್ರಿ ಅಕ್ಕಾರ, ಕುಂದ್ರರಿ" ಅಂತ ನಮ್ಮ ಮಾತನ್ಯಾಗ ಕರದ್ರ ಅಲ್ಲೇ ಅರ್ಧ ವ್ಯಾಪಾರ ಮುಗೀತು. ಪ್ಯಾಟ್ಯಾಗ ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿ, ಮರಾಠಿ ಎಲ್ಲಾ ನಡೀತದ, ಒಬ್ಬಾಂವನೇ ಐದು ಭಾಷೆ ಮಾತಾಡ್ತಾನ.

ನಂದೊಂದು ಕೇಳೂದು ಐತಿ. ಮಗಳು ಬಾಣಂತಿ. ಅಂಟಿನ ಉಂಡಿಗೆ ಛಲೋ ಅಂಟು, ಉತ್ತತ್ತಿ, ಗಟ್ಟಿ ಕೊಬ್ಬರಿ ಎಲ್ಲಿ ಸಿಗ್ತದ? ಪ್ಯಾಕೆಟಿನ ಅಂಟು ಕರದ್ರ ಅರಳೂದೇ ಇಲ್ಲ.

ಸಾಣೆಕಲ್ಲು:

@ದುರ್ಗದಬೈಲ ಅಕ್ಕಾ, ಮೊದಲು ಮಗಳಿಗೆ, ಮಗುವಿಗೆ ಶುಭ ಹಾರೈಕೆ. ತರಗುಪೇಟೆ ಕಡೆ ಹೋಗಿ. ಕೊಬ್ಬರಿ, ಉತ್ತತ್ತೆ, ಬೆಲ್ಲ ಅಲ್ಲಿ ತಾಜಾ, ಮೂಟೆ ಬಿಚ್ಚಿಯೇ ತೂಗಿಕೊಡ್ತಾರೆ. ಅಂಟಿಗೆ ಗ್ರಂಧಿಗೆ ಅಂಗಡಿಯೇ ಸರಿ, ನಾರುಬೇರು, ಪೂಜೆ ಸಾಮಾನು ಮಾರುವವರು. ಅವರಿಗೆ ಕರಿಯೋಕೆ ಅಂತ ಹೇಳಿ. ನಾಲ್ಕು ಬಗೆ ಅಂಟು ಇರುತ್ತೆ, ಪೂಜೆಯ ಧೂಪಕ್ಕೆ ಹಾಕೋದೇ ಬೇರೆ, ತಿನ್ನೋದೇ ಬೇರೆ. ಸಣ್ಣ ಹರಳು, ತಿಳಿ ಜೇನಿನ ಬಣ್ಣ, ಒಳಗೆ ಕಸ ಇರಬಾರದು. ಒಂದು ಹರಳು ಮನೆಗೆ ತಂದು ಬಿಸಿ ತುಪ್ಪಕ್ಕೆ ಹಾಕಿ ನೋಡಿ, ಪೂರ್ತಿ ಅರಳಿದರೆ ಮತ್ತೆ ಹೋಗಿ ಬೇಕಾದಷ್ಟು ತನ್ನಿ.

ಗ್ರಂಧಿಗೆ ಅಂಗಡಿ ಅಂದರೆ ನನಗೆ ಪ್ರಾಣ. ಬಜೆ, ಜ್ಯೇಷ್ಠಮಧು, ಲಾವಂಚ, ಅಳಲೆಕಾಯಿ, ಮಾಚಿಕಾಯಿ, ಹಿಪ್ಪಲಿ, ಕಚೋರ. ಎಲ್ಲ ಮರದ ಖಾನೆಗಳಲ್ಲಿ. ಬಾಗಿಲು ದಾಟುವ ಮೊದಲೇ ಮೂಗಿಗೆ ಗೊತ್ತಾಗುತ್ತೆ. ನೀವು ಹೆಸರು ಹೇಳಬೇಕಿಲ್ಲ, "ಮದುವೆ ಸಾಮಾನು", "ಗೃಹಪ್ರವೇಶದ ಹೋಮ" ಅಂದರೆ ಸಾಕು, ಪುರೋಹಿತರ ಪಟ್ಟಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಒಂದೊಂದೇ ಪೊಟ್ಟಣ ಕಟ್ಟುತ್ತಾರೆ. ಹಳೇ ಪತ್ರಿಕೆಯ ತುಂಡು, ಮೇಲೆ ದಾರ, ಮೇಲೆ ಪೆನ್ನಿನಲ್ಲಿ ಹೆಸರು. ಹೋಮದ ದಿನ ಒಂದೂ ಕಮ್ಮಿ ಬಂದದ್ದಿಲ್ಲ.

ಮಕ್ಕಳಡಾಕ್ಟರ್_ಮನೆಯವರು:

ಒಂದೇ ಮಾತು ಸೇರಿಸ್ತೀನಿ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ತೇಯ್ದ ಬಜೆ, ಜಾಯಿಕಾಯಿ ಯಾವುದೂ ಬೇಡ. ಅಂಟಿನ ಉಂಡೆ ತಾಯಿಗೆ ಮಾತ್ರ.

ದುರ್ಗದಬೈಲ:

ಹೌದ್ರಿ, ಅದು ಗೊತ್ತೈತಿ. ಉಂಡಿ ಮಗಳಿಗೇ. ಇಬ್ಬರಿಗೂ ಧನ್ಯವಾದ.

ರಸಬಾಳೆ_ಮೈಸೂರು:

ನಮ್ಮ ದೇವರಾಜ ಮಾರುಕಟ್ಟೆ ಒಳಗೂ ಇಂಥವು ಇವೆ. ಬರೀ ಕುಂಕುಮ-ಅರಿಶಿನ ಗುಡ್ಡೆ ಹಾಕಿದ ಅಂಗಡಿ, ಬರೀ ವೀಳ್ಯದೆಲೆ, ಬರೀ ಬಾಳೆಹಣ್ಣು, ಸುಗಂಧದ ಎಣ್ಣೆ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಉಳಿಸೋದೋ ಕೆಡವೋದೋ ಅನ್ನುವ ವಾದದಲ್ಲೇ ವರ್ಷಗಳು ಹೋದವು. ಅಲ್ಲಿನ ವ್ಯಾಪಾರಿಗಳು ಆ ಅನಿಶ್ಚಿತತೆಯಲ್ಲೇ ಬಾಗಿಲು ತೆಗೆಯುತ್ತಾರೆ. ಅದಕ್ಕೇ ನಾನು ಬೇಕಂತಲೇ ಅಲ್ಲಿಗೇ ಹೋಗಿ ಎಲೆ, ಹೂವು ತರೋದು.

ಹೂವಿನಮಾರು:

ಕೆ.ಆರ್. ಮಾರ್ಕೆಟ್ ಬಗ್ಗೆ ಯಾರೂ ಬರೆದಿಲ್ಲವಲ್ಲ! ಹಿಂದೆ ಸಿದ್ದಿಕಟ್ಟೆ ಕೆರೆ ಇದ್ದ ಜಾಗ, 1921ರ ಮಾರುಕಟ್ಟೆ. ಹೂವಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಹೋಗಬೇಕು. ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ್ದು ಮಾರಿನ ಲೆಕ್ಕ. ಮಾರು ಅಂದರೆ ಹೂವಿನವಳ ಕೈ ಅಳತೆ, ಎದುರಿಗೇ ಅಳೆಸಿಕೊಳ್ಳಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತೆ, ಎರಡು ದಿನ ಮುಂಚೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಒಂದು ಸೂಚನೆ, ನೋಟು, ಚಿಲ್ಲರೆ ಇಟ್ಟುಕೊಂಡು ಹೋಗಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ ಎಷ್ಟೋ ಕಡೆ ಕ್ಯೂಆರ್ ಚೀಟಿ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದಿದ್ದರು. ಕೆಲವರು ಮತ್ತೆ ಹಾಕಿದ್ದಾರೆ, ಕೆಲವರು ಇಲ್ಲ. ನೂರರ ನೋಟುಗಳಿದ್ದರೆ ನಿಮಗೂ ಸುಲಭ, ಅವರಿಗೂ.

ಬಳೇಪೇಟೆ_ಮಗಳು:

ಇಷ್ಟೆಲ್ಲ ಪ್ರೀತಿಯಿಂದ ಬರೆದದ್ದಕ್ಕೆ ಮನಸ್ಸು ತುಂಬಿ ಬಂತು. ಆದರೆ ಅಲ್ಲಿ ಬದುಕುವವರ ಕಡೆಯಿಂದ ಒಂದು ಮಾತು ಹೇಳಲೇಬೇಕು.

2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಜನ ಸತ್ತರು. ಕೆಳಗೆ ಗೋಡೌನ್, ಮೇಲೆ ಮನೆ, ಒಂದೇ ಮೆಟ್ಟಿಲು, ಎದುರಿಗೆ ಎರಡು ಗಾಡಿ ಪಕ್ಕಪಕ್ಕ ಹೋಗದ ಓಣಿ. ನಾನು ಬೆಳೆದ ಮನೆಯೂ ಅಂಥದ್ದೇ. ಪೇಟೆಯನ್ನು ಹಾಗೇ ಇಡಿ ಅಂತ ಹೊರಗಿನವರು ಹೇಳೋದು ಸುಲಭ. ನಮಗೆ ಬೇಕಾಗಿರೋದು ಹಾಗೇ ಇಡೋದಲ್ಲ. ವೈರಿಂಗ್ ಬದಲಾಗಬೇಕು, ಪ್ಲಾಸ್ಟಿಕ್, ರಟ್ಟಿನ ಸಗಟು ದಾಸ್ತಾನು ಮನೆಗಳ ಕೆಳಗಿನಿಂದ ಆಚೆ ಹೋಗಬೇಕು, ಅಗ್ನಿಶಾಮಕದವರು ಬರುವಷ್ಟು ದಾರಿ ಬಿಡಬೇಕು. ಮಾರುವ ಅಂಗಡಿ ಅಲ್ಲಿರಲಿ, ರಾಶಿ ಹಾಕುವ ಗೋಡೌನ್ ಊರ ಹೊರಗಿರಲಿ. ಹಾಗೆ ಮಾಡಿದರೆ ಸಣ್ಣ ಅಂಗಡಿಗಳೂ ಉಳಿಯುತ್ತವೆ, ಮೇಲಿನ ಮನೆಗಳೂ ಉಳಿಯುತ್ತವೆ. ಈಗ ಆಗ್ತಿರೋದು ತಿರುಗುಮುರುಗು. ಬಾಡಿಗೆ ಏರಿ ಗುಂಡಿ ಅಂಗಡಿ ಮುಚ್ಚುತ್ತೆ, ಆ ಜಾಗಕ್ಕೆ ಗೋಡೌನ್ ಬರುತ್ತೆ.

ಕರಗದ ರಾತ್ರಿ ಬಂದು ನೋಡಿ. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಟ ಕರಗ ಪೇಟೆಯೆಲ್ಲ ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ. ಆ ದಾರಿ ಉದ್ದಕ್ಕೂ ಅಂಗಡಿ ಜಗಲಿಗಳ ಮೇಲೆ ಕೂತಿರುವವರು ನಾವೇ, ಆ ಮೇಲಿನ ಮನೆಗಳವರು. ನಾವು ಖಾಲಿಯಾದ ಮೇಲೆ ಪೇಟೆ ಬರೀ ದಾಸ್ತಾನು.

ಪೇಟೆಸುತ್ತಾಟ:

@ಬಳೇಪೇಟೆ_ಮಗಳು ಇದನ್ನು ಬರೆದದ್ದಕ್ಕೆ ಧನ್ಯವಾದ. ಗೋಡೌನ್ ಬೇರೆ ಅಂಗಡಿ ಬೇರೆ ಅನ್ನುವ ನಿಮ್ಮ ಮಾತನ್ನು, ಇಲ್ಲಿ ಬಂದ ಅಂಗಡಿಗಳದ್ದು ನಾನು ಮಾಡುತ್ತಿರುವ ಪಟ್ಟಿಯ ಮೇಲ್ಗಡೆಯೇ ಹಾಕುತ್ತೇನೆ.

ಗೆಜ್ಜೆಕನಸು_ನ್ಯೂಜೆರ್ಸಿ:

ಇಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದ್ದೀನಿ. ಇಲ್ಲಿ ತರಿಸುವ ಗೆಜ್ಜೆಗಳ ದನಿ ಡಬ್ಬಿ ಅಲುಗಿಸಿದಂತೆ ಇರುತ್ತೆ, ಒಂದು ಗೆಜ್ಜೆಗೂ ಇನ್ನೊಂದಕ್ಕೂ ಶ್ರುತಿ ಕೂಡಲ್ಲ. ಪೇಟೆಯಲ್ಲಿ ಬಿಡಿ ಗೆಜ್ಜೆ ಆರಿಸಿಕೊಂಡು ಕಟ್ಟಿಸಬಹುದಾ? ಒಂದೇ ದಿನ ಸಮಯ ಇದೆ, ಲಗ್ನಪತ್ರಿಕೆ ಮಾಡಿಸುವ ಕೆಲಸವೂ ಇದೆ.

ಲಯದಹಾದಿ:

@ಗೆಜ್ಜೆಕನಸು_ನ್ಯೂಜೆರ್ಸಿ ಖಂಡಿತ ಆಗುತ್ತೆ. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲೇ ಕೇಳಿ, ಹಿತ್ತಾಳೆ ಸಾಮಾನಿನವರ ಹತ್ತಿರವೂ ಇರುತ್ತೆ. ಚರ್ಮದ ಪಟ್ಟಿಗೆ ಹೊಲಿದು ಸಿದ್ಧ ಇರುವುದನ್ನು ತಗೋಬೇಡಿ. ಬಿಡಿ ಗೆಜ್ಜೆ ಕೇಳಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸಿ. ದನಿ ಮಂಕಾದದ್ದು, ಬಾಯಿ ಸೀಳು ಹೆಚ್ಚು ತೆರೆದದ್ದು, ಒಳಗಿನ ಗುಂಡು ಸಿಕ್ಕಿಕೊಂಡದ್ದು ಪಕ್ಕಕ್ಕಿಡಿ. ಒಂದು ಕಾಲಿಗೆ ಎಷ್ಟು, ಎಷ್ಟು ಸಾಲು ಅಂತ ಮಕ್ಕಳ ವಯಸ್ಸಿಗೆ ತಕ್ಕಂತೆ ಬರೆದುಕೊಂಡು ಹೋಗಿ. ಸಣ್ಣ ಮಕ್ಕಳಿಗೆ ಮೂರು ಸಾಲು ಸಾಕು. ಹತ್ತಿ ಹಗ್ಗಕ್ಕೆ ಪೋಣಿಸಿಕೊಡಿ ಅಂತ ಬೆಳಿಗ್ಗೆಯೇ ಹೇಳಿ ಕೊಟ್ಟರೆ ಸಂಜೆಯೊಳಗೆ ಸಿಗುತ್ತೆ.

ಅವೆನ್ಯೂ_ಓದುಗ:

ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ. ಬಳೇಪೇಟೆಯಿಂದ ನಡೆದೇ ಹೋಗಬಹುದು. ಕಾರ್ಡು ಅಲ್ಲಿ ಆರಿಸಿ, ಮುದ್ರಣವೂ ಅಲ್ಲೇ ಮಾಡಿಸ್ತಾರೆ. ಕನ್ನಡ ಪಠ್ಯವನ್ನು ಮನೆಯಿಂದಲೇ ಟೈಪ್ ಮಾಡಿಸಿ ತನ್ನಿ, ಪ್ರೂಫ್ ಕಾಗದದ ಮೇಲೆ ತೆಗೆಸಿ ಓದಿ. ಒತ್ತಕ್ಷರ ಹಾಳಾಗೋದು ಫಾಂಟ್ ಬದಲಾಯಿಸುವಾಗಲೇ, ಗೋತ್ರ, ಊರಿನ ಹೆಸರುಗಳನ್ನ ಎರಡು ಸಲ ನೋಡಿ.

ಬೆಳಿಗ್ಗೆ ಗೆಜ್ಜೆ ಆರಿಸಿ ಕೊಟ್ಟು, ಕಾರ್ಡಿಗೆ ಹೋಗಿ, ಮಧ್ಯಾಹ್ನ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿಂದು, ಸಂಜೆ ಪ್ರೂಫ್ ಮತ್ತು ಗೆಜ್ಜೆ ಎರಡನ್ನೂ ತಗೊಂಡು ಮೆಟ್ರೋ ಹತ್ತಿ.

ಗೆಜ್ಜೆಕನಸು_ನ್ಯೂಜೆರ್ಸಿ:

ಇಬ್ಬರಿಗೂ ತುಂಬಾ ಧನ್ಯವಾದ. ಬಂದು ಹೋದ ಮೇಲೆ ಯಾವ ಬೀದಿಯಲ್ಲಿ ಏನು ಸಿಕ್ಕಿತು ಅಂತ ಇಲ್ಲೇ ಬರೆಯುತ್ತೇನೆ.

ಪೇಟೆಸುತ್ತಾಟ:

ಇಲ್ಲಿವರೆಗೆ ಬಂದದ್ದು: ಗುಂಡಿ, ಬಳೆ, ವಾದ್ಯ, ಖಾತೆ ಪುಸ್ತಕ, ಗ್ರಂಧಿಗೆ, ಹೂವು, ಬಿಡಿಭಾಗ, ಗೆಜ್ಜೆ, ಲಗ್ನಪತ್ರಿಕೆ. ಇನ್ನೂ ಬೇಕಾಗಿರೋದು ಹಗ್ಗ, ಬೀಗ, ತಕ್ಕಡಿ-ತೂಕದ ಬಟ್ಟು, ಮತ್ತೆ ಪಾತ್ರೆಗೆ ಕಲಾಯಿ ಹಾಕುವವರು. ಕಲಾಯಿಯವರು ಪೇಟೆಯೊಳಗೆ ಈಗ ಎಲ್ಲಿ ಕೂರ್ತಾರೆ? ನಮ್ಮ ಮನೆಯ ಎರಡು ಹಿತ್ತಾಳೆ ಪಾತ್ರೆಗಳ ತವರ ಹೋಗಿದೆ, ಹುಳಿ ಸಾರು ಮಾಡೋಕೆ ಆಗ್ತಿಲ್ಲ. ಗೊತ್ತಿರುವವರು ಬೀದಿ ಹೇಳಿ.

ಮಗ್ಗದಮನೆ:

ಹಿತ್ತಾಳೆ ಪಾತ್ರೆ ಮಾರುವ ಅಂಗಡಿಯಲ್ಲೇ ಕೇಳಿ, ಅವರೇ ಕಳಿಸ್ತಾರೆ ಅಥವಾ ಕರೆಸ್ತಾರೆ. ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಇದ್ದಲ ಮೇಲೆ ಪಾತ್ರೆ ಕಾದ ಮೇಲೆ ನವಸಾಗರ ಎರಚಿ ತವರ ಸವರಬೇಕು, ಬಟ್ಟೆಯಿಂದ ಒಂದೇ ಸಮ ಒರೆಸಬೇಕು. ಕಂಠದವರೆಗೂ ಬೆಳ್ಳಗೆ ಬಂದಿದೆಯಾ ನೋಡಿ ಆಮೇಲೆ ದುಡ್ಡು ಕೊಡಿ.